ಕ್ಲಾಸಿಕ್ 350ಗೆ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ನಿಮ್ಮ 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ತಡೆ ಕಡಿಮೆಯಿರುವ ಸೈಲೆನ್ಸರ್) ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಂದು ಜೆ.ಸಿ. ರಸ್ತೆಯ ಅಂಗಡಿಯವರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಸದ್ದಂತೂ ಖಂಡಿತ ಹೆಚ್ಚುತ್ತದೆ. ಪಿಕಪ್ ಹೆಚ್ಚಿದಂತೆ ಅನ್ನಿಸುವುದೂ ಬಹುಪಾಲು ಆ ಸದ್ದಿನಿಂದಲೇ.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಒತ್ತಡದ ಅಲೆಯೊಂದು ಬೆಂಡ್ ಪೈಪಿನಲ್ಲಿ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪಿನಲ್ಲಿ) ಶಬ್ದದ ವೇಗದಲ್ಲಿ ಓಡಿ, ಪೈಪು ಅಗಲವಾಗುವ ಜಾಗದಿಂದ ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಮಿಶ್ರಣ ಒಳಬಿಡುವ ಮತ್ತು ಹೊಗೆ ಹೊರಬಿಡುವ ಎರಡೂ ವಾಲ್ವ್‌ಗಳು ತುಸು ತೆರೆದಿರುವ ಕ್ಷಣಕ್ಕೆ ಸರಿಯಾಗಿ ಅದು ಬಂದು ತಲುಪಿದರೆ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆದು ಗಾಳಿ-ಪೆಟ್ರೋಲಿನ ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಇದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಅಂದರೆ ಯಾವ ಆರ್‌ಪಿಎಂನಲ್ಲಿ ಕೂಡಿಬರಬೇಕೆಂಬುದು ಮುಖ್ಯವಾಗಿ ಪೈಪಿನ ಉದ್ದವನ್ನು ಅವಲಂಬಿಸಿದೆ. 'ಬ್ಯಾಕ್ ಪ್ರೆಶರ್ (ಹೊಗೆಗೆ ಎದುರಾಗುವ ತಡೆ) ಇರಲೇಬೇಕು' ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ನಿಜವಾಗಿ ಬೇಕಿರುವುದು ಅನಿಲದ ವೇಗ, ತಡೆಯಲ್ಲ. ನಿಮ್ಮ ಎಂಜಿನ್ 72 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), ಪಿಸ್ಟನ್ ಚಲಿಸುವ ಉದ್ದವಾದ 85.8 ಮಿ.ಮೀ. ಸ್ಟ್ರೋಕ್‌ನದು, 27 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) 4000 ಆರ್‌ಪಿಎಂನಲ್ಲೇ ಸಿಗುತ್ತದೆ. ಇಂಥ ಎಂಜಿನ್ನಿಗೆ ದಪ್ಪ ಬೆಂಡ್ ಪೈಪ್ ಹಾಕಿದರೆ ಅನಿಲದ ವೇಗ ಕುಗ್ಗಿ, ನೀವು ದಿನವೂ ಓಡಿಸುವ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಕಳೆದುಕೊಳ್ಳುವಿರಿ. ಸೈಲೆನ್ಸರ್ ಮಾತ್ರ ಬದಲಿಸಿದರೆ ತೂಕ ಇಳಿಯಬಹುದು. ಶಕ್ತಿಯ ವ್ಯತ್ಯಾಸ, ಅದನ್ನು ಅಳೆಯುವ ಡೈನೋ ಯಂತ್ರದ ಮೇಲೆ ಹುಡುಕಬೇಕಾದಷ್ಟು ಚಿಕ್ಕದು.

ಪೈಪಿನಿಂದ ಬೈಕ್ ಹಾರುತ್ತದೆಂಬ ನಂಬಿಕೆ ಯಮಹಾ ಆರ್‌ಎಕ್ಸ್ 100 ಮತ್ತು ನಮ್ಮ ಮೈಸೂರಿನ ಯೆಜ್ದಿಗಳ ಟೂ ಸ್ಟ್ರೋಕ್ ಕಾಲದಿಂದ ಬಂದದ್ದಿರಬೇಕು, ಮತ್ತು ಅಲ್ಲಿ ಅದಕ್ಕೆ ಆಧಾರವಿತ್ತು. ವಾಲ್ವ್ ಇಲ್ಲದ ಆ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟಿನಿಂದ ಸೋರಿಹೋಗುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುವ ಕೆಲಸವನ್ನು ಉಬ್ಬಿದ ಪೈಪಾದ ಎಕ್ಸ್‌ಪ್ಯಾನ್ಷನ್ ಚೇಂಬರಿನ ಅಲೆಯೇ ಮಾಡುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿದ್ದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಪರಾರಿಯಾಗಿ ಆ ವಿದ್ಯೆಯನ್ನು ಸುಜುಕಿಗೆ ಮುಟ್ಟಿಸಿ, ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಆದರು.

ನಿಮ್ಮದರಂಥ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಬೈಕಿನಲ್ಲಿ ಇಂಧನದ ಲೆಕ್ಕವೂ ಸೇರಿಕೊಳ್ಳುತ್ತದೆ. ಸಮವೇಗದಲ್ಲಿ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪೆಟ್ರೋಲ್ ಸರಿದೂಗಿಸುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಅದು ಕಾರ್ಖಾನೆಯಲ್ಲಿ ತುಂಬಿದ ಮ್ಯಾಪನ್ನೇ ಅನುಸರಿಸುವುದರಿಂದ ಸೈಲೆನ್ಸರ್ ಬದಲಿಸಿದ ಮೇಲೆ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಆಗಬಹುದು. ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಕಂದು ಬಣ್ಣದ ಬದಲು ಸುಣ್ಣದಂತೆ ಬೆಳ್ಳಗಾಗಿದ್ದರೆ ಅದೇ ಲಕ್ಷಣ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಎನ್ನುವ ಸದ್ದು, ಉರಿಯದೆ ಹೊರಬಂದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಹೊತ್ತಿಕೊಳ್ಳುವುದರಿಂದ ಬರುತ್ತದೆ. ಹಲವರು ಅದನ್ನು ಶಕ್ತಿಯ ಗುರುತೆಂದು ತಿಳಿದಿದ್ದಾರೆ.

ಕಾನೂನಿನ ಮಾತೂ ಇದೆ. 175 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದಲ್ಲಿ ಶಬ್ದಮಿತಿ 80 ಡೆಸಿಬಲ್. ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡವಿದೆ.

ಇಷ್ಟಾದರೂ ಹಾಕಿಸುವುದಾದರೆ ಬೆಂಡ್ ಪೈಪನ್ನೂ ಕ್ಯಾಟ್‌ಕಾನನ್ನೂ (ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟಿಸಬೇಡಿ, ಸೈಲೆನ್ಸರಿನ ಬಾಯಿಯಲ್ಲಿ ಒಂದೇ ಬೋಲ್ಟಿನಿಂದ ನಿಲ್ಲುವ, ಸದ್ದು ತಗ್ಗಿಸುವ ಡಿಬಿ ಕಿಲ್ಲರನ್ನು ತೆಗೆಸಬೇಡಿ, ಜೋಡಣೆಗೆ ಹೊಸ ಗ್ಯಾಸ್ಕೆಟನ್ನೇ ಕೇಳಿ. ಬಿಚ್ಚಿದ ಹಳೆಯ ಭಾಗಗಳನ್ನು ಎಕ್ಸ್‌ಚೇಂಜಿಗೆ ಕೊಡದೆ ಮನೆಗೆ ತನ್ನಿ. ಕ್ಯಾಟ್‌ಕಾನ್ ಇರುವ ಭಾಗವನ್ನು ಕೆಲವರು ಆಸೆಪಟ್ಟು ಕೇಳುವುದು ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಿಗಾಗಿ.