ಎಂಟು ಜನಕ್ಕೆ ಪೋಕರ್ ಟೇಬಲ್: ದುಂಡು ಬೇಡ

ನಮಸ್ಕಾರ ಸರ್. ಮನೆಯಲ್ಲಿ ಎಂಟು ಜನ ಆಡಲು 4 ಅಡಿಯ ದುಂಡು ಪೋಕರ್ ಟೇಬಲ್ ಸಾಕಾ, ಕಪ್ ಹೋಲ್ಡರ್ ಕೊರೆಸಬೇಕಾ ಅಂತ ಕೇಳಿದ್ದೀರಿ.

ದುಂಡು ಬೇಡ. ಒಬ್ಬರಿಗೆ 24 ಇಂಚಾದರೂ ಅಂಚು ಬೇಕು. ನೀವು ಹೇಳಿದ ಅಳತೆಯಲ್ಲಿ ತಲಾ 19 ಇಂಚೂ ಸಿಗುವುದಿಲ್ಲ, ಮೊಣಕೈಗೆ ಮೊಣಕೈ ತಾಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಶೀಟಿನ ಎರಡೂ ತುದಿಯನ್ನು ಅರ್ಧ ದುಂಡಾಗಿ ಕತ್ತರಿಸಲು ಹೇಳಿ. ತಲಾ 30 ಇಂಚು ಬರುತ್ತದೆ. ಅಂಗಡಿಯಲ್ಲಿ ಶೀಟ್ ಸಿಗುವುದೂ ಅದೇ ಅಳತೆಯಲ್ಲಿ, ಅಲ್ವಾ?

ಜಾಸ್ತಿ ದುಡ್ಡು ಟೇಬಲ್ ಮೇಲೆ ಹೊದಿಸುವ ಬಟ್ಟೆಗೆ ಹಾಕಿ. ಉಣ್ಣೆ ಬಟ್ಟೆ ಚಹಾ ಚೆಲ್ಲಿದರೆ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಸ್ಪೀಡ್ ಕ್ಲಾತ್ ಮೇಲೆ ಇಸ್ಪೀಟ್ ಎಲೆ ಸಲೀಸಾಗಿ ಜಾರುತ್ತದೆ, ಚೆಲ್ಲಿದ್ದನ್ನು ತಕ್ಷಣ ಒರೆಸಬಹುದು. ಅದರ ಕೆಳಗೆ ತೆಳು ಫೋಮ್ ಇರಲೇಬೇಕು, ಇಲ್ಲದಿದ್ದರೆ ಎಲೆ ಎತ್ತಲು ಅದರಡಿ ಉಗುರು ಹೋಗುವುದಿಲ್ಲ.

ಸುತ್ತಲಿನ ಕೈ ಆನಿಸುವ ಅಂಚಿಗೆ ಫೋಮ್, ರೆಕ್ಸಿನ್ ಸಾಕು. ಆದರೆ ಮೊಳೆ ಹೊಡೆಸಬೇಡಿ, ಬೋಲ್ಟ್ ಹಾಕಿಸಿ. ಮುಂದೆ ಬಟ್ಟೆ ಬದಲಿಸಲು ಅದನ್ನು ಬಿಚ್ಚಲೇಬೇಕು.

ಕಪ್ ಹೋಲ್ಡರ್ ಕೊರೆಸಿದರೆ ಕೈ ಇಡುವ ಜಾಗ ಹೋಗುತ್ತದೆ. ಕುರ್ಚಿಗಳ ನಡುವೆ ಸಣ್ಣ ಸ್ಟೂಲ್ ಇಡಿ. ಎತ್ತರ ಮಾಮೂಲಿ ಊಟದ ಟೇಬಲ್ಲಿನಂತೆ 30 ಇಂಚು ಇರಲಿ, ಈಗಿರುವ ಕುರ್ಚಿಗಳೇ ಆಗುತ್ತವೆ.