ಮಣ್ಣಿಲ್ಲದ ತರಕಾರಿ: ಗಾಲಿಕುರ್ಚಿಯಲ್ಲಿ ಕೂತು ಬೆಳೆಯಬಹುದೇ?

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ನನಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಓಡಾಟವೆಲ್ಲ ಗಾಲಿಕುರ್ಚಿಯಲ್ಲೇ. ನೀರಲ್ಲೇ ಸೊಪ್ಪು ಬೆಳೆದು ಮಾರಿದರೆ ಸ್ವಂತ ಸಂಪಾದನೆ ಆಗುತ್ತೆ, ಪೈಪಿನ ಸೆಟ್ ತಗೊಳ್ಳಿ ಅಂತ ಮಾರುವವರು ಹೇಳುತ್ತಿದ್ದಾರೆ. ನಂಬಬಹುದಾ?

ಉತ್ತರ: ಕೆಲಸವನ್ನು ನಂಬಿ, ಸೆಟ್ ಮಾರುವವರ ಲಾಭದ ಲೆಕ್ಕವನ್ನು ಅರ್ಧ ಮಾತ್ರ ನಂಬಿ. ಅಗೆಯುವುದು, ಕಳೆ ಕೀಳುವುದು ಇಲ್ಲ ಅನ್ನೋದು ನಿಜ. ಆದರೆ ನೀರು ಹೊರುವ ಕೆಲಸ ಇದೆಯಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. 20 ಲೀಟರ್ ನೀರು ಅಂದರೆ 20 ಕೆಜಿ. ಹಾಗಾಗಿ ಮೊದಲು ತುಂಬಿಸಲು ನೇರ ಪೈಪು, ಖಾಲಿ ಮಾಡಲು ತೊಟ್ಟಿಯ ತಳದಲ್ಲಿ ಒಂದು ನಲ್ಲಿ, ಇವೆರಡನ್ನು ಮಾಡಿಸಿಕೊಳ್ಳಿ. ಮೇಜಿನ ಕೆಳಗೆ ಮಂಡಿ ಹೋಗಲು ಸುಮಾರು 70 ಸೆಂ.ಮೀ. ಎತ್ತರ ಬೇಕು. ಓಡಾಡಲು 90 ಸೆಂ.ಮೀ. ದಾರಿ, ಕುರ್ಚಿ ತಿರುಗಿಸಲು 150 ಸೆಂ.ಮೀ. ಜಾಗ ಬಿಡಿ.

ಪೈಪಿನ ಸೆಟ್ಟಲ್ಲಿ ಬೇರಿನ ಮೇಲೆ ತೆಳುವಾಗಿ ನೀರು ಹರಿಯುತ್ತಿರುತ್ತೆ. ಕರೆಂಟ್ ಹೋಗಿ ಪಂಪ್ ನಿಂತರೆ ಬಿಸಿಲಲ್ಲಿ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತೆ. ಅದರ ಬದಲು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನ ವಿಧಾನದಿಂದ ಶುರು ಮಾಡಿ: ಬೆಳಕು ಒಳಗೆ ಹೋಗದ ಡಬ್ಬ, ಮುಚ್ಚಳದಲ್ಲಿ ತೂತು, ತೂತಿನಲ್ಲಿ ಜಾಲರಿ ಕುಂಡ. ಗಿಡ ಕುಡಿದಂತೆಲ್ಲ ನೀರು ಇಳಿಯುತ್ತೆ, ಬೇರಿನ ಮೇಲ್ಭಾಗಕ್ಕೆ ಗಾಳಿ ಸಿಗುತ್ತೆ, ಪಂಪೇ ಬೇಡ. ಲೆಟ್ಯೂಸ್, ತುಳಸಿ ಜಾತಿಯ ಸೊಪ್ಪುಗಳಿಗೆ ಧಾರಾಳವಾಗಿ ಸಾಕು. ಟೊಮೆಟೊ ಆಸೆ ಸದ್ಯಕ್ಕೆ ಬಿಡಿ.

ಆಗಾಗ ಮುಚ್ಚಳ ಎತ್ತಿ ಬೇರು ನೋಡಿ. ಬೆಳ್ಳಗಿದ್ದರೆ ಚೆನ್ನಾಗಿದೆ. ಕಂದಾಗಿ, ಲೋಳೆಯಾಗಿ, ಕೆಟ್ಟ ವಾಸನೆ ಬಂದರೆ ಕೊಳೆರೋಗ. ನೀರು ಬಿಸಿಯಾದಷ್ಟೂ ಇದು ಜಾಸ್ತಿ, ಡಬ್ಬ ನೆರಳಲ್ಲಿರಲಿ. ನೀರಿನ ಪಿಎಚ್, ಅಂದರೆ ಹುಳಿ ಎಷ್ಟಿದೆ ಅನ್ನೋ ಅಳತೆ, 5.5ರಿಂದ 6.5ರೊಳಗೆ ಇರಬೇಕು. ನೀರಿಗೆ ಹಾಕುವ ಗೊಬ್ಬರ ಎ ಮತ್ತು ಬಿ ಅಂತ ಎರಡು ಬಾಟಲಿಗಳಲ್ಲಿ ಬರುತ್ತೆ. ನೀರು ಸೇರಿಸದ ಆ ಗಟ್ಟಿ ದ್ರಾವಣಗಳನ್ನೇ ಒಂದಕ್ಕೊಂದು ಬೆರೆಸಬೇಡಿ, ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತೆ.

ಇನ್ನೊಂದು ಮಾತು, ಇದನ್ನು ಬಿಡಬೇಡಿ. ಪಿಎಚ್ ಇಳಿಸುವ ಆಸಿಡ್ ತೊಡೆ ಮೇಲೆ ಚೆಲ್ಲಿದರೆ, ಅಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ನಿಮಗೆ ಗೊತ್ತೇ ಆಗಲ್ಲ, ಸುಡುತ್ತಲೇ ಇರುತ್ತೆ. ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಡಿ, ಪ್ಲಾಸ್ಟಿಕ್ ಏಪ್ರನ್, ಕೈಗವಸು ಹಾಕಿಕೊಳ್ಳಿ. ಕೆಲಸದ ಗುಂಗಲ್ಲಿ ಗಂಟೆಗಟ್ಟಲೆ ಅಲುಗದೆ ಕೂತರೆ ಒತ್ತಡದ ಹುಣ್ಣು (ಮೈಭಾರ ಒಂದೇ ಕಡೆ ಬಿದ್ದು ಚರ್ಮದಲ್ಲಿ ಆಗುವ ಹುಣ್ಣು) ಗ್ಯಾರಂಟಿ. ಅರ್ಧ ಗಂಟೆಗೊಮ್ಮೆಯಾದರೂ ಮೈಭಾರ ಆಚೀಚೆ ಮಾಡಿ.

ಪ್ರಶ್ನೆ: ನನ್ನ ತಂಗಿಗೆ ಕಣ್ಣು ಕಾಣಿಸುವುದಿಲ್ಲ. ಅವಳಿಗೂ ಆಗುತ್ತಾ?

ಉತ್ತರ: ಯಾಕಾಗಲ್ಲ? ಸಸಿ ಕೂರಿಸುವುದು, ಕೊಯ್ಯುವುದು ಬೆರಳಿನ ಕೆಲಸವೇ ಅಲ್ವಾ. ಎ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಬಿ ಬಾಟಲಿಗೆ ಎರಡು ಹಾಕಿಕೊಡಿ. ಪಿಎಚ್ ಮೀಟರಿನ ಅಂಕಿಯನ್ನು ಫೋನ್ ಕ್ಯಾಮೆರಾದಲ್ಲಿ ಓದಿಸಬಹುದು. ಸಾಮಾನನ್ನು ಒಂದೇ ಜಾಗದಲ್ಲಿಡಿ, ಮನೆಯವರು ಸುಮ್ನೆ ಎತ್ತಿ ಬೇರೆ ಕಡೆ ಇಡಬಾರದು.

ಪ್ರಶ್ನೆ: ನಮ್ಮದು ಅಂಗವಿಕಲ ಮಹಿಳೆಯರ ಸಣ್ಣ ಗುಂಪು. ಬೆಳೆಯುತ್ತೇವೆ, ಮಾರುವುದು ಮನೆಯ ಗಂಡಸರು. ದುಡ್ಡು ನಮ್ಮ ಕೈಗೆ ಬರುತ್ತಿಲ್ಲ.

ಉತ್ತರ: ಬೆಳೆ ಹೆಚ್ಚಿಸುವ ಮೊದಲು ಇದನ್ನು ಸರಿಮಾಡಿ. ವಾರವಾರ ತಗೊಳ್ಳುವ ಗಿರಾಕಿಗಳನ್ನು ನೀವೇ ಫೋನಲ್ಲಿ ಗೊತ್ತುಮಾಡಿ, ಅಷ್ಟಕ್ಕೆ ತಕ್ಕಂತೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಬಿತ್ತಿ. ಗಿರಾಕಿ ಕೊಡುವ ದುಡ್ಡು ನೇರವಾಗಿ ನಿಮ್ಮ ಹೆಸರಿನ ಖಾತೆಗೆ ಬರಲಿ. ಸೊಪ್ಪು ತಲುಪಿಸಿ ಬರುವವರಿಗೆ, ಅವರು ಗಂಡನೇ ಆಗಿರಲಿ, ಸಾಗಣೆ ಕೂಲಿ ಅಂತ ಲೆಕ್ಕ ಬರೆದು ಕೊಡಿ.