ಪ್ರತಿ: ಹೃದಯ ಶಸ್ತ್ರಚಿಕಿತ್ಸೆ ನಂತರದ ಕಿಡ್ನಿ ಹಾನಿ, ಇಬ್ಬರ ಎಣಿಕೆ ಬೇರೆ ಬೇರೆ
ಒಂದೇ ರೋಗಿಗಳ ಪಟ್ಟಿಯಿಂದ ಕಿಡ್ನಿ ಹಾನಿಯಾದವರನ್ನು ಎಣಿಸಿದರೂ ನಿಮಗಿಂತ ನಿಮ್ಮ ಸಹೋದ್ಯೋಗಿಗೆ ಹೆಚ್ಚು ಕೇಸ್ ಸಿಗುತ್ತಿರುವುದೇಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ಬೇಸ್‌ಲೈನ್ ಕ್ರಿಯಾಟಿನಿನ್, ಅಂದರೆ ಏರಿಕೆಯನ್ನು ಅಳೆಯಲು ಆಧಾರವಾಗಿ ಹಿಡಿಯುವ ಮೊದಲ ಮಟ್ಟ (ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕುವ, ರಕ್ತದಲ್ಲಿ ಅಳೆಯುವ ತ್ಯಾಜ್ಯ). ಅವರು ಐಸಿಯುಗೆ ಬಂದ ಕೂಡಲೇ ತೆಗೆದದ್ದನ್ನು ಹಿಡಿದಿರಬಹುದು. ಹಾರ್ಟ್-ಲಂಗ್ ಮಷೀನ್‌ಗೆ ತುಂಬಿದ ದ್ರವದಿಂದ ರಕ್ತ ತೆಳುವಾಗಿ ಆಗ ಅದು ಕಡಿಮೆ ತೋರುತ್ತದೆ. ಮರುದಿನ ಮಾಮೂಲಿಗೆ ಮರಳಿದರೂ 'ಏರಿಕೆ' ಅಂತ ಲೆಕ್ಕಕ್ಕೆ ಬೀಳುತ್ತದೆ.

ಮೊದಲು ಇಬ್ಬರೂ ಆಪರೇಷನ್‌ಗೆ ಮುಂಚಿನ ಕ್ರಿಯಾಟಿನಿನ್ನನ್ನೇ ಬೇಸ್‌ಲೈನ್ ಮಾಡಿಕೊಳ್ಳಿ (ಆಂಜಿಯೋಗ್ರಾಮ್ ನಂತರ ಏರಿದ್ದರೆ ಅದಕ್ಕೂ ಹಿಂದಿನದು). ಆಮೇಲೆ ಕೆಡಿಗೋ (KDIGO, ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ) ಮಾನದಂಡ ಹಾಕಿ: ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಮಿ.ಗ್ರಾಂ/ಡೆ.ಲೀ. ಅಥವಾ ಹೆಚ್ಚು ಏರಿಕೆ, ಇಲ್ಲವೇ 7 ದಿನದೊಳಗೆ ಬೇಸ್‌ಲೈನ್‌ನ 1.5 ಪಟ್ಟು ಅಥವಾ ಹೆಚ್ಚು.

ಮೂತ್ರ ಕಡಿಮೆಯಾಗುವುದೂ ಕೆಡಿಗೋದಲ್ಲಿ ಕಿಡ್ನಿ ಹಾನಿಯ ಲಕ್ಷಣವೇ; ಅದನ್ನು ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟಿದ್ದರೂ ಎಣಿಕೆ ಹೀಗೇ ಬೇರೆಯಾಗುತ್ತದೆ. ನಿಮ್ಮ ಡೇಟಾ ಶೀಟ್ ನೋಡದೆ ಯಾವುದೆಂದು ಖಚಿತವಾಗಿ ಹೇಳಲಾರೆ. ನಿಮ್ಮಿಬ್ಬರ ಎಣಿಕೆ ತಾಳೆಯಾಗದ ರೋಗಿಗಳನ್ನಷ್ಟೇ ಮೊದಲು ತೆಗೆದು ನೋಡಿ, ಗೊತ್ತಾಗುತ್ತದೆ. ಪ್ರೋಟೋಕಾಲ್‌ನಲ್ಲಿ (ಅಧ್ಯಯನಕ್ಕೆ ಮೊದಲೇ ಬರೆದಿಟ್ಟ ಯೋಜನೆಯಲ್ಲಿ) ಬರೆದದ್ದೇ ಅಂತಿಮ. ಫಲಿತಾಂಶ ನೋಡಿ ಮಾನದಂಡ ಬದಲಿಸಬೇಡಿ.